ಅಂಗಡಿ ಮ್ಯಾಲೆ ಮಂದಿ ಬಿದ್ರ ಮೊದಲ 24 ತಾಸು: ಕಸಬರಿಗಿ ಹಿಡಿಯೂ ಮೊದಲು ಏನು ಮಾಡಬೇಕು?

ಬೈಲಿನ_ತಕ್ಕಡಿ

ಹುಬ್ಬಳ್ಳಿಯ ಒಂದು ವ್ಯಾಪಾರಸ್ಥರ ಸಂಘಕ್ಕ ಒಂದು ಹಾಳಿ ತಯಾರು ಮಾಡೂದದ. ಧರ್ಮ, ಜಾತಿ, ಊರು, ಭಾಷಾ ನೋಡಿ ಒಬ್ಬರ ಅಂಗಡಿ ಅಥವಾ ಗಾಡಿ ಒಡದ್ರ ಮೊದಲ ದಿನ ಮಾಲಕರು ಏನು ಮಾಡಬೇಕು, ಬಾಜೂ ಅಂಗಡಿಯವರು ಏನು ಮಾಡಬೇಕು, ಇಷ್ಟ.

2022ರ ಏಪ್ರಿಲ್ 9ಕ್ಕ ಧಾರವಾಡದ ನುಗ್ಗಿಕೇರಿ ಹನುಮಪ್ಪನ ಗುಡಿ ಅಂಗಳದಾಗ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣು ಒಡದದ್ದು ಎಲ್ಲಾರಿಗೂ ನೆನಪದ. ಅಲ್ಲಿ ವಿಡಿಯೋ ಇತ್ತು, ರಾಜ್ಯ ಎಲ್ಲಾ ನೋಡ್ತು, ನೆರವೂ ಬಂತು. ವಿಡಿಯೋ ಇಲ್ಲದ ಗಾಡಿಯ ಗತಿ ಏನು? ಸೌಹಾರ್ದದ ಭಾಷಣ ಬ್ಯಾಡ್ರಿ. ಶರೀಫಜ್ಜನ ಪದಾ ಹಾಡಿ, ಚಹಾ ಕುಡದು ಏಳೂ ಸಭಾ ಭಾಳ ಆಗ್ಯಾವ. ಕೆಲಸದ ಮಾತು ಹೇಳ್ರಿ.

ಕರಿಕೋಟು_ಧಾರವಾಡ

ಮೊದಲನೇ ಮಾತು: 112ಕ್ಕೆ ಫೋನ್ ಮಾಡಿ, ಕರೆ ಮಾಡಿದ ಸಮಯ ಬರೆದಿಟ್ಟುಕೊಳ್ಳಿ. ಎರಡನೇ ಮಾತು: ಪಂಚನಾಮೆ ಆಗುವವರೆಗೆ ಏನನ್ನೂ ಸರಿಸಬೇಡಿ. ಒಳ್ಳೆ ಮನಸ್ಸಿನ ನೆರೆಯವರೇ ಹತ್ತು ನಿಮಿಷದಲ್ಲಿ ಗಾಜು ಗುಡಿಸಿ, ಕಲ್ಲು ಹೊರಗೆ ಒಗೆದು ಕೇಸ್ ಕೆಡಿಸುತ್ತಾರೆ. ಆ ಕಲ್ಲೇ ಸಾಕ್ಷಿ.

ಈಗ ದೂರಿನ ಮಾತು. ಬಹಳ ಕೇಸ್ ಸೋಲುವುದು ಇಲ್ಲೇ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಆಸ್ತಿ ಹಾನಿಗೆ ಕಲಂ 324. ನಷ್ಟ 20 ಸಾವಿರಕ್ಕಿಂತ ಕಡಿಮೆ ಇದ್ದರೆ 324(2), 20 ಸಾವಿರದಿಂದ 1 ಲಕ್ಷದ ಒಳಗಿದ್ದರೆ 324(4), ಶಿಕ್ಷೆ 2 ವರ್ಷದವರೆಗೆ. 1 ಲಕ್ಷ ಅಥವಾ ಹೆಚ್ಚು ಇದ್ದರೆ 324(5), 5 ವರ್ಷದವರೆಗೆ. ಮೊದಲ ಎರಡು, ಅಂದರೆ 324(2) ಮತ್ತು 324(4), ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಠಾಣೆಯಲ್ಲಿ ಒಂದು ಎನ್‌ಸಿ (ಅಸಂಜ್ಞೇಯ ದೂರಿನ) ಚೀಟಿ ಕೊಟ್ಟು ಮನೆಗೆ ಕಳಿಸುತ್ತಾರೆ.

ಹಾಗಾಗಿ ದೂರಿನಲ್ಲಿ "ಅಂಗಡಿ ಒಡೆದರು" ಅಂತ ಒಂದೇ ಸಾಲು ಬರೆದರೆ ಆಗದು. ಎಷ್ಟು ಮಂದಿ ಬಂದರು? ಐದು ಅಥವಾ ಹೆಚ್ಚು ಮಂದಿ ಸೇರಿ ಹಿಂಸೆ ಮಾಡಿದ್ದರೆ ಅದು ಅಕ್ರಮ ಕೂಟ ಮತ್ತು ದೊಂಬಿ, ಕಲಂ 189, 191. ಒಳಗೆ ನುಗ್ಗಿದರೇ? ಅತಿಕ್ರಮ ಪ್ರವೇಶ. ಜೀವ ಬೆದರಿಕೆ ಹಾಕಿದರೇ? 351. ಮುಖ್ಯವಾದದ್ದು, ಅವರು ಬಾಯಲ್ಲಿ ಅಂದ ಮಾತು. ಧರ್ಮದ ಹೆಸರು ಹಿಡಿದು ಬೈದಿದ್ದರೆ, "ನಿಮ್ಮವರು ಇಲ್ಲಿ ವ್ಯಾಪಾರ ಮಾಡಬಾರದು" ಅಂದಿದ್ದರೆ, ಆ ಮಾತನ್ನು ಅವರು ಅಂದ ಹಾಗೇ, ನಾಚಿಕೆ ಬಿಟ್ಟು, ಅಕ್ಷರಕ್ಷರ ಬರೆಯಿರಿ. "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಅಂತ ಬರೆದುಬಿಟ್ಟರೆ ದ್ವೇಷ ಹುಟ್ಟಿಸುವ ಕಲಂ 196 ಹಚ್ಚಲು ಆಧಾರವೇ ಉಳಿಯುವುದಿಲ್ಲ. ಬೆಂಕಿ ಇಟ್ಟಿದ್ದರೆ 326. ಅಲ್ಲಿ ಶಿಕ್ಷೆ 7 ವರ್ಷ ಮುಟ್ಟುವುದರಿಂದ ವಿಧಿವಿಜ್ಞಾನ ತಂಡವನ್ನು ಕರೆಸಿ ಅಂತ ದೂರಿನಲ್ಲೇ ಕೇಳಿ.

ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ, ಅದು ಹಕ್ಕು. ಯಾವ ಠಾಣೆಯ ಹದ್ದು ಅನ್ನುವ ಜಗಳ ಬಂದರೆ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಕೊಡಬಹುದು (ನಾಗರಿಕ ಸುರಕ್ಷಾ ಸಂಹಿತೆ ಕಲಂ 173). ಮೇಲ್ ಮೂಲಕ ಕಳಿಸಿದ್ದರೆ 3 ದಿನದೊಳಗೆ ಹೋಗಿ ಸಹಿ ಹಾಕಲೇಬೇಕು. ತೆಗೆದುಕೊಳ್ಳದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಮೇಲಧಿಕಾರಿಗೆ. ಹುಬ್ಬಳ್ಳಿ-ಧಾರವಾಡಕ್ಕೆ ಪೊಲೀಸ್ ಕಮಿಷನರೇಟ್ ಇದೆ, ಗದಗ, ಹಾವೇರಿಯಲ್ಲಿ ಎಸ್‌ಪಿ. ಅಲ್ಲಿಯೂ ಆಗದಿದ್ದರೆ ತನಿಖೆಗೆ ಆದೇಶ ಕೊಡಿ ಅಂತ ಮ್ಯಾಜಿಸ್ಟ್ರೇಟ್ ಮುಂದೆ ಅದೇ ಸಂಹಿತೆಯ 175(3) ಅರ್ಜಿ.

ಬೈಲಿನ_ತಕ್ಕಡಿ

ವಕೀಲರ, ಗುಡಿ ಜಾತ್ರಿ ಗದ್ದಲದಾಗ "ಕಾನೂನ ಐತಿ, ಬ್ಯಾರೆ ಧರ್ಮದವರು ಅಂಗಡಿ ಹಚ್ಚೂ ಹಂಗಿಲ್ಲ" ಅಂತ ವಾದ ಮಾಡ್ತಾರಲ್ಲ, ಅದಕ್ಕೇನು ಹೇಳೂದು?

ಕರಿಕೋಟು_ಧಾರವಾಡ

ಅವರು ಹೇಳುವುದು 2002ರ ಧಾರ್ಮಿಕ ದತ್ತಿ ನಿಯಮಗಳ 31(12). ಅದು ಗುಡಿಯಂಥ ಧಾರ್ಮಿಕ ಸಂಸ್ಥೆಯ ಹತ್ತಿರದ ಜಮೀನು, ಕಟ್ಟಡ, ನಿವೇಶನವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವುದರ ಬಗ್ಗೆ. ನಿಯಮ ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಗಾಡಿ ಮಗುಚುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ತಕರಾರು ಇದ್ದವರು ಧಾರ್ಮಿಕ ದತ್ತಿ ಇಲಾಖೆಗೆ ಅರ್ಜಿ ಕೊಡಬೇಕು.

ಬೀದಿ ವ್ಯಾಪಾರಿಯ ಹತ್ತಿರ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಮಾಣಪತ್ರ ಇದ್ದರೆ, ಅದರ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಯಾವ ವ್ಯಕ್ತಿಯೂ, ಪೊಲೀಸರೂ ತಡೆಯುವಂತಿಲ್ಲ ಅಂತ ಕಲಂ 27 ಹೇಳುತ್ತದೆ. ಆ ಕಾಯ್ದೆಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಸದಸ್ಯರು ವ್ಯಾಪಾರಿಗಳಿಂದಲೇ ಆಯ್ಕೆ ಆದವರಿರಬೇಕು. ಯಾರು ನಿಮ್ಮ ಪ್ರತಿನಿಧಿ ಅಂತ ಮೊದಲೇ ತಿಳಿದುಕೊಂಡಿರಿ.

ನಷ್ಟದ_ಲೆಕ್ಕ

ವಿಮಾದ ಬಗ್ಗೆ ನಾ ಹೇಳ್ತೀನ್ರಿ. ಸಣ್ಣ ಅಂಗಡಿಗೆ ಈಗ ಇರೂ ಪ್ರಮಾಣಿತ ಪಾಲಿಸಿ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ". 2021ರ ಏಪ್ರಿಲ್‌ನಿಂದ ಬಂದದ, ಒಟ್ಟು ಆಸ್ತಿ ಬೆಲೆ 5 ಕೋಟಿ ತನಕ. ಅದರಾಗ ಬೆಂಕಿ ಅಷ್ಟ ಅಲ್ಲ, ದಂಗೆ, ಮುಷ್ಕರ, ದುರುದ್ದೇಶದ ಹಾನಿನೂ ಒಳಗ ಬರತದ. ದಾಳಿ ಆಗಿ 7 ದಿನದೊಳಗ, ಆ ಘಟನಾದ ಕಾರಣದಿಂದ ಕಳವು ಆದ್ರ ಅದೂ ಸೇರತದ. ಹಳೇ ಪಾಲಿಸಿ ಇದ್ದವರು ದಂಗೆ-ಮುಷ್ಕರದ ಸಾಲು ಅದ ಏನು ಅಂತ ಇವತ್ತ ತೆಗದು ನೋಡ್ರಿ.

ಎಲ್ಲಿ ಕೈ ಕೊಡತದ ಅಂದ್ರ, ಕಡಿಮಿ ಮೊತ್ತಕ್ಕ ವಿಮಾ ಮಾಡಿಸಿದಾಗ. ಲೆಕ್ಕ ನೋಡ್ರಿ: ಅಂಗಡ್ಯಾಗ ಮಾಲು 8 ಲಕ್ಷದ್ದು, ವಿಮಾ 4 ಲಕ್ಷಕ್ಕ, ನಷ್ಟ 2 ಲಕ್ಷ. ನಿಮಗ 2 ಲಕ್ಷ ಬರೂದಿಲ್ಲ. ಅರ್ಧ ವಿಮಾ, ಅರ್ಧ ಪರಿಹಾರ, 1 ಲಕ್ಷ. ಸೂಕ್ಷ್ಮ ಪಾಲಿಸಿದಾಗ 15 ಶೇಕಡಾ ತನಕ ಕಡಿಮಿ ಇದ್ರ ಮಾಫಿ, ಅದಕ್ಕೂ ಮೀರಿದ್ರ ಇಲ್ಲ. ರಂಜಾನ್, ದೀಪಾವಳಿ ಮುಂದ ಜವಳಿ ಅಂಗಡಿ ಮಾಲು ಎರಡು ಪಟ್ಟು ಆಗಿರತದ, ವಿಮಾ ಮಾತ್ರ ಆಷಾಢದ ಮಾಲಿಂದು.

ಎರಡನೇದು ದರ್ಜಿ, ಮೊಬೈಲ್ ರಿಪೇರಿ, ಲಾಂಡ್ರಿ ಅಂಗಡಿಯವರಿಗೆ. ಅಲ್ಲಿರೂ ಮಾಲು ನಿಮ್ಮದಲ್ಲ, ಗಿರಾಕಿದು. "ನಂಬಿಕಿಯ ಮ್ಯಾಲೆ ಇಟ್ಟ ಮಾಲು" ಅಂತ ಪಾಲಿಸಿದಾಗ ಬರಸಿರದಿದ್ರ ಆ 40 ಮೊಬೈಲಿಗೆ ಒಂದು ರೂಪಾಯಿನೂ ಬರೂದಿಲ್ಲ. ಗಿರಾಕಿ ಮಾತ್ರ ಬಂದು ನಿಮ್ಮನ್ನ ಕೇಳ್ತಾನ.

ಮೂರನೇದು, ಅಂಗಡಿ ಸಾಲ ಇದ್ದವರು ಬ್ಯಾಂಕಿಗೆ ಹೋಗಿ ಕೇಳ್ರಿ. ವರ್ಷಾ ವರ್ಷಾ ಖಾತೆಯಿಂದ ವಿಮಾದ ಕಂತು ಕಡಿತಾ ಇರತದ, ಪಾಲಿಸಿ ಬ್ಯಾಂಕಿನ ಕಪಾಟಿನ್ಯಾಗ ಇರತದ, ಮಾಲಕರಿಗೆ ಅದರ ಸುದ್ದೀನ ಇರೂದಿಲ್ಲ. ಅಂಗಡಿ ಸ್ಥಳಾಂತರ ಆಗಿದ್ರ ಪಾಲಿಸಿದಾಗ ಹಳೇ ವಿಳಾಸ. ವಿಳಾಸ ತಪ್ಪಿದ್ರ ಕ್ಲೇಮ್ ಸತ್ತಂಗ.

ಕ್ಲೇಮ್ ತಿರಸ್ಕಾರ ಆದ್ರ ಮೊದಲು ಕಂಪನಿಗೆ ಲಿಖಿತ ತಕರಾರು. ಅಲ್ಲಿಂದ ಒಂದು ವರ್ಷದೊಳಗ ವಿಮಾ ಲೋಕಪಾಲರ ಕಡೆ ಹೋಗಬಹುದು, ಬೆಂಗಳೂರಾಗ ಕಚೇರಿ. 50 ಲಕ್ಷದ ತನಕದ ತಕರಾರು ತೊಗೊಳ್ತಾರ. ಫೀ ಇಲ್ಲ.

ಮುಳಗುಂದನಾಕಾ_ಗದಗ

ಸರ, ಬಿಲ್ ಬುಕ್ಕ ಅಂಗಡಿ ಜೊತಿ ಸುಟ್ಟ್ರ? ಕಾಯಿಪಲ್ಯೆ ಗಾಡಿಯವರಿಗಂತೂ ಬಿಲ್ಲ ಇರೂದಿಲ್ಲ.

ನಷ್ಟದ_ಲೆಕ್ಕ

ಜಿಎಸ್‌ಟಿ ಇದ್ದವರಿಗೆ ತೊಂದ್ರಿ ಕಡಿಮಿ. ಖರೀದಿ ಪೋರ್ಟಲ್‌ನ್ಯಾಗ ಕಾಣತದ, ಸಗಟು ವ್ಯಾಪಾರಿ ಕಡೆಯಿಂದ ಖಾತೆ ಉತಾರ ತರಬಹುದು. ಇಲ್ಲದವರು ತಿಂಗಳಿಗೊಮ್ಮೆ ಮೊಬೈಲ್‌ನ್ಯಾಗ ಕಪಾಟು ಕಪಾಟು ವಿಡಿಯೋ ಮಾಡ್ರಿ. ಬಾಗಲದಿಂದ ಚಾಲೂ ಮಾಡಿ, ನಿಲ್ಲಸದ, ಒಂದ ಓಟದಾಗ. ಆಮ್ಯಾಲೆ ಅದನ್ನ ಮನಿಯವರ ಮೊಬೈಲಿಗೆ ಕಳಸಿಬಿಡ್ರಿ. ಎಪಿಎಂಸಿ ದಲಾಲರ ಚೀಟಿನೂ ಹಂಗ, ಫೋಟೋ ತೆಗದು ಕಳಸೂದು. ಯುಪಿಐ ದಿನದ ಜಮಾ ಪಟ್ಟಿ ಮಾರಾಟಕ್ಕ ಪುರಾವೆ ಆಗತದ.

ನಷ್ಟದ ಪಟ್ಟಿ ಮಾಡೂವಾಗ ಖರೀದಿ ದರ ಹಾಕ್ರಿ, ಮಾರೂ ದರ ಅಲ್ಲ. ಲಾಭ ಸೇರಸಿ ಬರದ್ರ ಸರ್ವೇಯರ್ (ನಷ್ಟ ನೋಡಾಕ ವಿಮಾ ಕಂಪನಿ ಕಳಸೂ ಮನಷ್ಯಾ) ಒಂದು ಸಾಲಿನ್ಯಾಗ ಹಿಡಿತಾನ, ಆಮ್ಯಾಲೆ ಉಳದ ಖರೇ ಸಾಲಿನ ಮ್ಯಾಲೂ ನಂಬಿಕಿ ಹೋಗತದ. ಒಡದ ಮಾಲನ್ನ ಸರ್ವೇಯರ್ ನೋಡೂ ತನಕ ಒಗಿಬ್ಯಾಡ್ರಿ. ಮಾಂಸ, ಹಾಲು, ಹಣ್ಣು ನಾರತಾವ, ಇಡಾಕ ಆಗೂದಿಲ್ಲ ಖರೆ. ಆದ್ರ ತೂಕ ಮಾಡಿ, ತಕ್ಕಡಿ ಅಂಕಿ ಕಾಣೂ ಹಂಗ ಫೋಟೋ ತೆಗದು, ಇಬ್ಬರ ಸಹಿ ತೊಗೊಂಡು ವಿಲೇವಾರಿ ಮಾಡ್ರಿ. ಬೆಂಕಿ ಆಗಿದ್ರ ಅಗ್ನಿಶಾಮಕ ದಳದ ವರದಿಗೆ ಮರುದಿನಾನ ಅರ್ಜಿ ಕೊಡ್ರಿ, ವಿಮಾದವರು ಕೇಳೇ ಕೇಳ್ತಾರ.

ಜವಳಿಸಾಲ_ಖಾತೆ

ಮ್ಯಾಲಿನವರ ಮಾತಿಗೆ ಒಂದು ಜೋಡಸ್ತೀನಿ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಪಟ್ಟಿ 10 ಲಕ್ಷ, ಆದಾಯ ತೆರಿಗಿ ಲೆಕ್ಕದಾಗ 6 ಲಕ್ಷ ಇದ್ರ ನಷ್ಟ ಹಿಡಿಯೂದು 6ರ ಮ್ಯಾಲೆ. ಮತ್ತ ಮಾಲು ನಾಶ ಆದ್ರ ಅದರ ಮ್ಯಾಲೆ ತೊಗೊಂಡ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿ ಮ್ಯಾಲೆ ಕಟ್ಟಿದ ತೆರಿಗಿಗೆ ಸಿಕ್ಕ ವಜಾ) ವಾಪಸ್ ಮಾಡಬೇಕು, ಕಲಂ 17(5)(ಎಚ್). ಮಾಲು ಹೋತು, ಮ್ಯಾಲೆ ತೆರಿಗಿ ಬ್ಯಾರೆ. ಅನ್ಯಾಯ ಅನಸ್ತದ, ಆದ್ರ ಕಾನೂನು ಹಂಗ ಅದ. ಅದಕ್ಕ ವಿಮಾ ಮೊತ್ತ ತೆರಿಗಿ ಸೇರಸಿ ಇಡ್ರಿ.

ಗಾಜು_ಶಟರ್

ಟಫನ್ ಗಾಜು ಗಟ್ಟಿ ಅಂತ ಎಲ್ಲಾರೂ 12 ಎಂಎಂ ಹಾಕಸ್ತಾರ. ಅದು ಕೈ ಕೊಯ್ಯಬಾರದು ಅಂತ ಮಾಡಿದ ಗಾಜು. ಮೂಲ್ಯಾಗ ಒಂದು ಪೆಟ್ಟು ಬಿದ್ರ ಪೂರ್ತಿ ಹಾಳಿ ಸಕ್ಕರಿ ಹಳ್ಳಿನಂಗ ಉದುರಿ ಬಾಗಲಾ ತೆರದಂಗ ಆಗತದ. ಲ್ಯಾಮಿನೇಟೆಡ್ ಗಾಜು ಸೀಳತದ, ಆದ್ರ ನಡುವಿನ ಪದರಕ್ಕ ಹತ್ತಿ ನಿಂದರತದ. ಒಳಗ ನುಗ್ಗಾಕ ಹತ್ತಾರು ಪೆಟ್ಟು ಬೇಕು, ಅಷ್ಟರಾಗ ಹಿಂದಿನ ಬಾಗಲದಿಂದ ಹೊರಗ ಬೀಳಬಹುದು.

ಗಾಜು ಬದಲಸೂದು ಆಗದಿದ್ರ ಒಳಮೈಗೆ ಸುರಕ್ಷಾ ಫಿಲ್ಮ್. 4 ಮಿಲ್ ಅಂದ್ರ ಸುಮಾರು 100 ಮೈಕ್ರಾನ್, ಕಲ್ಲಿನೇಟಿಗೆ 8 ಮಿಲ್, 200 ಮೈಕ್ರಾನ್ ಬೇಕು. ಅಂಚನ್ನ ಚೌಕಟ್ಟಿಗೆ ಸಿಲಿಕಾನ್ ಹಾಕಿ ಹಿಡಿಸಿರಬೇಕು. ಬರೇ ಗಾಜಿನ ಮ್ಯಾಲೆ ಹಚ್ಚಿದ್ರ ಗಾಜು, ಫಿಲ್ಮ್ ಎರಡೂ ಕೂಡಿ ಒಂದ ಚಾಪಿ ಆಗಿ ಒಳಗ ಬೀಳತಾವ.

ಶಟರ್: ಗೇಜ್ ಅಂಕಿ ಕಡಿಮಿ ಆದಷ್ಟು ತಗಡು ದಪ್ಪ. 18 ಗೇಜ್ ಸುಮಾರು 1.2 ಎಂಎಂ, 20 ಗೇಜ್ 0.9. ಹತ್ತು ಫೂಟು ಅಗಲದ ಶಟರಿಗೆ ಎರಡು ಬದಿ ಕೀಲಿ ಅಷ್ಟ ಇದ್ರ ನಡುವ ಹಾರಿ ಹಾಕಿ ಎತ್ತತಾರ. ನಡುವ ಒಂದು ಸೆಂಟರ್ ಲಾಕ್ ಬೇಕ ಬೇಕು. ಮತ್ತ ಒಂದು ಮಾತು, ಒಳಗ ಮಂದಿ ಇದ್ದಾಗ ಶಟರ್ ಎಳಕೊಂಡು ಕೂಡಬ್ಯಾಡ್ರಿ, ಹಿಂದ ಬಾಗಲಾ ಇಲ್ಲದ ಅಂಗಡ್ಯಾಗಂತೂ ಬ್ಯಾಡ. ಬೆಂಕಿ ಇಟ್ಟ್ರ ಅದು ಒಲಿ ಆಗತದ. ಮಾಲು ಹೋಗ್ಲಿ.

ಬ್ಯಾಡಗಿ_ಕಡ್ಡಿ

ಬೆಂಕಿ ಅಂದ್ರಲ್ಲ. ಬೆಂಕಿ ಆರಸೂ 6 ಕೆಜಿ ಎಬಿಸಿ ಪುಡಿ ಸಿಲಿಂಡರ್ ಬಾಗಲ ಹತ್ತಿರ ಇರಬೇಕು, ಗಲ್ಲೆ ಹಿಂದ ಅಲ್ಲ. ಮುಳ್ಳು ಹಸಿರು ಪಟ್ಟಿದಾಗ ಅದ ಏನು ತಿಂಗಳಿಗೊಮ್ಮೆ ನೋಡ್ರಿ. ಪಿನ್ ಎಳದು, ಎರಡು-ಮೂರು ಮೀಟರ್ ದೂರ ನಿಂತು, ಬೆಂಕಿ ಬುಡಕ್ಕ ಬದಿಯಿಂದ ಬದಿಗೆ ಬೀಸಬೇಕು. ಅರ್ಧ ನಿಮಿಷದೊಳಗ ಖಾಲಿ ಆಗತದ. ಅಷ್ಟರಾಗ ಆರದಿದ್ರ ಹೊರಗ ಓಡೂದ. ಪೆಟ್ರೋಲ್ ಬೆಂಕಿಗೆ ಕೊಡಪಾನದ ನೀರು ಹಾಕಬ್ಯಾಡ್ರಿ, ಎಣ್ಣಿ ನೀರಿನ ಮ್ಯಾಲೆ ತೇಲಿ ಬಾಜೂ ಅಂಗಡಿಗೆ ಹೋಗತದ. ಒಮ್ಮೆ ಸ್ವಲ್ಪ ಬಳಸಿದ್ರೂ ಮರುಭರ್ತಿ ಮಾಡಸಬೇಕು. ದಾಳಿ ಆದ ಮ್ಯಾಲೆ ಒಳಗ ಹೋಗೂ ಮೊದಲು ಮೇನ್ ಸ್ವಿಚ್ ಬಂದ್. ಮೀಟರ್ ಕೆಟ್ಟಿದ್ರ ಹೆಸ್ಕಾಂ 1912ಕ್ಕ ಫೋನ್ ಮಾಡಿ ದೂರಿನ ನಂಬರ್ ಬರ್ಕೊಳ್ರಿ.

ಡಿವಿಆರ್_ರಿಪೇರಿ

ಎಲ್ಲಾರೂ ಕ್ಯಾಮೆರಾ ಅದ ಅಂತ ಸುಮ್ಮನಿರತಾರ. ನಾಲ್ಕು ಕ್ಯಾಮೆರಾ, ಒಂದೊಂದು 2 ಎಂಬಿಪಿಎಸ್ ಲೆಕ್ಕದಾಗ ದಿನಕ್ಕ 86 ಜಿಬಿ ಹತ್ತಿರ ತಿಂತದ. 1 ಟಿಬಿ ಡಿಸ್ಕ್ ಅಂದ್ರ ಹನ್ನೊಂದು ದಿನ, ಆಮ್ಯಾಲೆ ಹಳೇದರ ಮ್ಯಾಲೆ ಹೊಸದು ಬರೀತದ. ಪೊಲೀಸರು ಹದಿನೈದನೇ ದಿನ ಬಂದು ಕೇಳಿದ್ರ ಏನೂ ಇರೂದಿಲ್ಲ. ಅಂಗಡಿ ಒಡದದ್ದು ಕಾಣೂದು ಬಹುಶಃ ಎದುರಿನ ಅಂಗಡಿ ಕ್ಯಾಮೆರಾದಾಗ, ನಿಮ್ಮದರಾಗಲ್ಲ. ಅದಕ್ಕ ಅವತ್ತ ಸಂಜಿಕ ಓಣಿಯ ಎಲ್ಲಾ ಡಿವಿಆರ್‌ (ಕ್ಯಾಮೆರಾ ವಿಡಿಯೋ ಜಮಾ ಆಗೂ ಪೆಟಗಿ) ದಿಂದ ಘಟನಾ ಆಗೂ ಒಂದು ತಾಸು ಮೊದಲಿಂದ ಒಂದು ತಾಸು ಆಮ್ಯಾಲಿನ ತನಕ ಬ್ಯಾಕಪ್ ತೆಗೀರಿ. ಮೊದಲಿನ ತಾಸು ಯಾಕಂದ್ರ, ಬಂದವರು ಮೋತಿಗೆ ಬಟ್ಟಿ ಕಟ್ಟೂ ಮೊದಲು ಓಣಿ ತುದ್ಯಾಗ ಬೈಕ್ ನಿಂದ್ರಸಿರತಾರ.

ಪರದೆಯ ವಿಡಿಯೋ ಮೊಬೈಲ್‌ನ್ಯಾಗ ಹಿಡದದ್ದು ನಡಿಯೂದಿಲ್ಲ. ಡಿವಿಆರ್ ತನ್ನ ರೂಪದಾಗ ಕೊಡೂ ಫೈಲ್, ಅದರ ಪ್ಲೇಯರ್ ಜೊತಿ, ಹೊಸಾ ಪೆನ್‌ಡ್ರೈವ್‌ಗೆ. ಡಿವಿಆರ್ ಗಡಿಯಾರ ಮುಂದ-ಹಿಂದ ಇರತದ. ಮೊಬೈಲ್ ಸಮಯ, ಡಿವಿಆರ್ ಸಮಯ ಎರಡೂ ಒಂದ ಫೋಟೋದಾಗ ಬರೂ ಹಂಗ ತೆಗದಿಡ್ರಿ.

ಕರಿಕೋಟು_ಧಾರವಾಡ

ಒಳ್ಳೆ ಮಾತು. ಆ ಫೈಲಿನ ಜೊತೆ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ ಬೇಕು. ಎರಡು ಭಾಗ: ಎ ಭಾಗಕ್ಕೆ ಡಿವಿಆರ್ ನೋಡಿಕೊಳ್ಳುವವರ ಸಹಿ, ಬಿ ಭಾಗಕ್ಕೆ ತಜ್ಞರದ್ದು. ಎರಡರಲ್ಲೂ ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲು ಬದಲಾಗಿಲ್ಲ ಅಂತ ತೋರಿಸುವ ಅದರ ಬೆರಳಚ್ಚಿನಂಥ ಗುರುತು. ಎದುರಿನ ಅಂಗಡಿಯವರು ಆ ಸಹಿಗೆ ಹಿಂಜರಿಯುತ್ತಾರೆ. ಸಂಘದವರು ಹೋಗಿ ಮಾತಾಡಬೇಕಾದ್ದು ಅಲ್ಲಿ.

ಶಾಬಜಾರ_ಅತ್ತರು

ಸರ, ಇಷ್ಟೆಲ್ಲಾ ಮಾಡೂದಕ್ಕಿಂತ ಹಿರೇರು ಕೂತು ರಾಜಿ ಮಾಡ್ಸೂದು ಚೊಲೋ ಅಲ್ಲೇನು? ನಾಳೆ ಅದ ಬಾಜಾರದಾಗ ವ್ಯಾಪಾರ ಮಾಡಬೇಕು. ಕೇಸ್ ಐದು ವರ್ಷ ನಡೀತದ, ದಿನಾ ಬಂದು ಮೋತಿ ತೋರಸ್ತಾರ.

ಕರಿಕೋಟು_ಧಾರವಾಡ

ಅಣ್ಣಾವರೆ, ನಿಮ್ಮ ಭಯ ಸುಳ್ಳಲ್ಲ. ಆದರೆ ಕಾನೂನಿನ ಪ್ರಕಾರ ಖಾಸಗಿ ನಷ್ಟದ 324(4) ರಾಜಿ ಆಗಬಹುದು, 196 ರಾಜಿ ಆಗುವಂಥದ್ದಲ್ಲ. ಎಫ್‌ಐಆರ್ ಇಲ್ಲದ ರಾಜಿಯಲ್ಲಿ ವಿಮೆಯ ಹಣ ಹೋಗುತ್ತದೆ. ಬರೀ ಬಾಯಿಮಾತಿನ "ಕೊಡ್ತೀವಿ" ಉಳಿಯುತ್ತದೆ. ರಾಜಿ ಮಾಡಲೇಬೇಕಾದರೆ ಎಫ್‌ಐಆರ್ ಆಗಿ, ನಷ್ಟದ ಹಣ ಖಾತೆಗೆ ಬಿದ್ದ ಮೇಲೆ, ನ್ಯಾಯಾಲಯದ ಮುಂದೆ.

ವಕೀಲರ ಫೀ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಫೋನ್ 15100. ಜನಾಂಗೀಯ ಹಿಂಸೆಗೆ, ಜಾತಿ ದೌರ್ಜನ್ಯಕ್ಕೆ ಒಳಗಾದವರು 1987ರ ಕಾಯ್ದೆಯ ಕಲಂ 12ರಲ್ಲೇ ಪುಕ್ಕಟೆ ನೆರವಿಗೆ ಅರ್ಹರು. ಇನ್ನೊಂದು: 2018ರ ಜುಲೈ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೆ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ನೋಡಲ್ ಅಧಿಕಾರಿ ಇರಬೇಕು ಅಂದಿದೆ. ದ್ವೇಷ ಭಾಷಣಕ್ಕೆ ದೂರು ಇಲ್ಲದಿದ್ದರೂ ಪೊಲೀಸರು ತಾವೇ ಕೇಸ್ ಹಾಕಬೇಕು ಅನ್ನುವ ಆದೇಶ 2023ರ ಏಪ್ರಿಲ್ 28ರಿಂದ ಎಲ್ಲಾ ರಾಜ್ಯಕ್ಕೆ ಅನ್ವಯ. "ಆ ಅಂಗಡಿಗೆ ಹೋಗಬೇಡಿ" ಅಂತ ಮೈಕಿನಲ್ಲಿ ಕೂಗಿದ ದಿನವೇ ಅರ್ಜಿ ಕೊಡಿ. ಕಲ್ಲು ಬೀಳುವವರೆಗೆ ಕಾಯುವುದು ಯಾಕೆ?

ಮುಳಗುಂದನಾಕಾ_ಗದಗ

ಹಳ್ಳಿಕಡೆ ಇದು ಧರ್ಮದ ಮಾತಷ್ಟ ಅಲ್ಲ. ದಲಿತರ ಚಹಾ ಅಂಗಡಿ, ಕಿರಾಣಿ ಅಂಗಡಿಗೆ "ಯಾರೂ ಹೋಗಬಾರದು" ಅಂತ ಡಂಗುರ ಹೊಡಸ್ತಾರ. ಕಲ್ಲು ಒಗಿಯೂದಿಲ್ಲ, ಬರೇ ಗಿರಾಕಿ ನಿಲ್ಲಸ್ತಾರ. ಇದಕ್ಕ ಪರಿಶಿಷ್ಟರ ದೌರ್ಜನ್ಯ ತಡೆ ಕಾಯ್ದೆದಾಗ ಕಲಂ ಅದ: ಸಾಮಾಜಿಕ, ಆರ್ಥಿಕ ಬಹಿಷ್ಕಾರ, 3(1)(ಝಡ್‌ಸಿ). ತನಿಖಾ ಡಿವೈಎಸ್‌ಪಿ ದರ್ಜೆಯವರ ಮಾಡಬೇಕು, 60 ದಿನದೊಳಗ ಮುಗೀಬೇಕು, ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣಾ ಬೇಕಿಲ್ಲ. ಠಾಣಾದಾಗ ಜಾತಿ ಪ್ರಮಾಣಪತ್ರದ ಪ್ರತಿ ಕೈಯಾಗ ಇಟಗೊಂಡ ಹೋಗ್ರಿ, ಅದಕ್ಕ ತಿರಗಾಡಸ್ತಾರ.

ಲೆಸ್ಟರ್_ಕನ್ನಡಿಗ

ಇಂಗ್ಲೆಂಡಿನ ಪದ್ಧತಿ ಹೋಲಿಕೆಗೆ ಹೇಳುತ್ತೇನೆ. 2024ರ ಜುಲೈ 29ಕ್ಕೆ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಕೊಲೆ ಆಯಿತು. ಕೊಂದವನು ವಲಸೆ ಬಂದವನು ಅನ್ನುವ ಸುಳ್ಳು ಸುದ್ದಿ ಒಂದೇ ದಿನದಲ್ಲಿ ಹರಡಿ ಹಲವು ಊರಲ್ಲಿ ದಂಗೆ ಆಯಿತು. ಆಗಸ್ಟ್ 3ಕ್ಕೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ವಲಸಿಗರ ಅಂಗಡಿಗಳ ಮೇಲೆ ದಾಳಿ, ಬೆಂಕಿ. ಆಗಸ್ಟ್ 7ಕ್ಕೆ ಇನ್ನಷ್ಟು ಕಡೆ ದಾಳಿ ಆಗುತ್ತದೆ ಅಂತ ಪಟ್ಟಿ ಹರಿದಾಡಿತು. ಅಂಗಡಿಗಳು ಹಲಗೆ ಬಡಿದು ಬೇಗ ಮುಚ್ಚಿದವು. ಆದರೆ ಆ ಸಂಜೆ ಲಂಡನ್ನಿನ ವಾಲ್ಥಮ್‌ಸ್ಟೋದಲ್ಲಿ ಸಾವಿರಾರು ಜನ ಬೀದಿಗೆ ಬಂದು ನಿಂತರು. ದಾಳಿಯವರು ಬರಲೇ ಇಲ್ಲ.

ನಿಮಗೆ ಉಪಯೋಗದ ಮಾತು ಬೇರೆ ಇದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2016ರ ದಂಗೆ ಪರಿಹಾರ ಕಾಯ್ದೆ ಇದೆ. ವಿಮೆ ಇಲ್ಲದ ಅಂಗಡಿಯವರೂ ಪೊಲೀಸ್ ಆಡಳಿತದಿಂದಲೇ ನಷ್ಟ ಕೇಳಬಹುದು. ದಂಗೆ ಮುಗಿದ 42 ದಿನದೊಳಗೆ ಅರ್ಜಿ, ನಂತರ ಪುರಾವೆಗೆ 90 ದಿನ. ಅವಧಿ ತಪ್ಪಿದರೆ ಹೋಯಿತು. ಉತ್ತರ ಐರ್ಲೆಂಡಿಗೆ ಬೇರೆ ಕಾನೂನು.

ಕರಿಕೋಟು_ಧಾರವಾಡ

ನಮ್ಮಲ್ಲಿ ಅಂಥ ನೇರ ದಾರಿ ಇಲ್ಲ. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿ ಗಲಭೆ ಆದ ಮೇಲೆ ನಷ್ಟ ಲೆಕ್ಕ ಹಾಕಲು ಹೈಕೋರ್ಟ್ ಕ್ಲೇಮ್ಸ್ ಕಮಿಷನರ್ ನೇಮಿಸಿತ್ತು. ಅದು ದೊಡ್ಡ ಗಲಭೆಗೆ ಆದ ಕ್ರಮ. ಒಂದು ಗಾಡಿಗೆ ಯಾರೂ ಕಮಿಷನರ್ ನೇಮಿಸುವುದಿಲ್ಲ.

ಜವಳಿಸಾಲ_ಖಾತೆ

ಅದಕ್ಕ ಬಾಜಾರಿನ ರೊಕ್ಕ ಬೇಕಾಗತದ. ಅದರಾಗೂ ಕಾಲು ಜಾರತದ. ಮಾಲಕರ ಕ್ಯೂಆರ್ ಕೋಡ್ ಫೋಟೋ ತೆಗದು ಊರೆಲ್ಲಾ ಹಂಚತಾರ. ವರ್ಷದಾಗ ಸಂಬಂಧಿಕರಲ್ಲದವರಿಂದ ಬಂದ ಕಾಣಿಕಿ ಒಟ್ಟು 50 ಸಾವಿರ ದಾಟಿದ್ರ ದಾಟಿದಷ್ಟಕ್ಕ ಅಲ್ಲ, ಪೂರ್ತಿ ಮೊತ್ತ ಅವರ ಆದಾಯ ಅಂತ ಲೆಕ್ಕ. ಮತ್ತ ಅಪರಿಚಿತ ಖಾತೆಗಳಿಂದ ಒಮ್ಮೆಲೆ ನೂರಾರು ಜಮಾ ಬಿದ್ರ ಬ್ಯಾಂಕು ಖಾತೆ ತಡೀಬಹುದು. ಇದ್ದ ರೊಕ್ಕನೂ ಸಿಕ್ಕಿಬೀಳತದ.

ಚೊಲೋ ದಾರಿ ಅಂದ್ರ ವಸ್ತು ರೂಪ. ಗಾಡಿ, ಮುದ್ರೆ ಇರೂ ತಕ್ಕಡಿ, ಒಂದು ವಾರದ ಮಾಲು, ಅಂಗಡಿ ಬಾಡಗಿ ನೇರ ಅದರ ಮಾಲಕರಿಗೆ. ಸಂಘದ ಖಾತೆಯಿಂದ, ಇಬ್ಬರ ಸಹಿ ಮ್ಯಾಲೆ, ದಿನಾ ಸಂಜಿಕ ಜಮಾ-ಖರ್ಚಿನ ಹಾಳಿ ಫಲಕಕ್ಕ. ವಿದೇಶಿ ನಾಗರಿಕರ ರೊಕ್ಕ ಸಂಘದ ಖಾತೆಗೆ ಬ್ಯಾಡ, ವಿದೇಶಿ ದೇಣಿಗಿ ಕಾಯ್ದೆ (ಎಫ್‌ಸಿಆರ್‌ಎ) ಅಡ್ಡ ಬರತದ.

ಗಾಡಿಯವರಿಗೆ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ ಅದ: ಮೊದಲ ಕಂತು 15 ಸಾವಿರ, ಆಮ್ಯಾಲೆ 25, ಮತ್ತ 50. ಹಳೇ ಸಾಲದ ಕಂತು ತಪ್ಪೂ ಹಂಗಿದ್ರ ತಪ್ಪೂ *ಮೊದಲು* ಎಫ್‌ಐಆರ್ ಪ್ರತಿ ಹಿಡಕೊಂಡು ಬ್ಯಾಂಕಿಗೆ ಹೋಗ್ರಿ. ತಪ್ಪಿದ ಮ್ಯಾಲೆ ಹೋದ್ರ 7 ಶೇಕಡಾ ಬಡ್ಡಿ ಸಹಾಯಧನ ಕೈ ತಪ್ಪತದ.

ಕೊಪ್ಪಿಕರ_ಚಹಾ

ಬಾಜೂ ಅಂಗಡಿಯವರ ಕೆಲಸ ಇನ್ನೂ ಯಾರೂ ಹೇಳಿಲ್ಲ. ದಾಳಿ ಆದ ಓಣ್ಯಾಗ ಮರುದಿನ ಎಲ್ಲಾರೂ ಬಂದ್ ಮಾಡ್ತಾರ, ಬೆಂಬಲ ಅಂತ. ತಪ್ಪು. ಬಂದ್ ಅಂದ್ರ ಒಡದವರ ಕೆಲಸ ನಾವು ಪೂರಾ ಮಾಡಿಕೊಟ್ಟಂಗ. ಪಂಚನಾಮೆ ಮುಗದ ಕೂಡಲೆ ಅರ್ಧ ಶಟರ್ ಆದ್ರೂ ಎತ್ತಿ, ಒಂದು ಟೇಬಲ್ ಹಾಕಿ, ಆ ಅಂಗಡಿ ವ್ಯಾಪಾರ ಚಾಲೂ ಆಗಬೇಕು. ಗಿರಾಕಿ ಎಂಟು ದಿನ ಬ್ಯಾರೆ ಕಡೆ ಹೋದ್ರ ಒಂಬತ್ತನೇ ದಿನ ರೂಢಿ ಆಗಿರತದ.

ರಾತ್ರಿ ಕಾವಲು ಹಾಕಿದ್ರ ಮೊದಲು ಠಾಣೆಗೆ ಹೆಸರು, ಫೋನ್ ನಂಬರಿನ ಪಟ್ಟಿ ಕೊಡ್ರಿ. ಕೈಯಾಗ ಬಡಗಿ ಬ್ಯಾಡ, ಟಾರ್ಚ್ ಸಾಕು. ಬಡಗಿ ಹಿಡಕೊಂಡ ನಿಂತ್ರ ಬೆಳಗಾಗೂದ್ರಾಗ ಅವರ ಹೆಸರ ಮ್ಯಾಲೂ ದೊಂಬಿಯ ಕಲಂ 191 ಬೀಳತದ. ಒಂದ ಧರ್ಮದವರ ತಂಡ ಮಾಡಬ್ಯಾಡ್ರಿ. ವಾಟ್ಸಾಪ್‌ನ್ಯಾಗ "ಅಲ್ಲಿ ಒಡ್ಯಾಕತ್ತಾರಂತ" ಅನ್ನೂ ಸುದ್ದಿ ಬಂದ್ರ ಆ ಓಣಿಯ ಇಬ್ಬರಿಗೆ ಫೋನ್ ಮಾಡಿ ಕೇಳೂ ತನಕ ಮುಂದ ಕಳಸಬಾರದು. ಆ ಇಬ್ಬರು ಯಾರು ಅನ್ನೂದು ಮೊದಲ ನಿಕ್ಕಿ ಆಗಿರಬೇಕು. ಗಣಪತಿ, ಈದ್ ಮುಂದ ಪೊಲೀಸರು ಶಾಂತಿ ಸಮಿತಿ ಸಭಾ ಕರಿತಾರಲ್ಲ, ಅಲ್ಲಿ ಸಂಘದಿಂದ ಈ ಪಟ್ಟಿ ಬರವಣಿಗಿದಾಗ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಸ್ಕೊಂಡ ಬರ್ರಿ.

ಬೈಲಿನ_ತಕ್ಕಡಿ

ಸಾಕಷ್ಟು ಆತ್ರಿ. ಒಂದ ಹಾಳಿ ಸಾಲೂದಿಲ್ಲ, ಎರಡೂ ಮಗ್ಗಲಿಗೆ ಅಚ್ಚು ಹಾಕಸ್ತೀವಿ. ಲ್ಯಾಮಿನೇಷನ್ ಮಾಡಿಸಿ ಪ್ರತಿ ಅಂಗಡಿ ಗಲ್ಲೆ ಹಿಂದ ಹಚ್ಚೂ ವಿಚಾರ ಅದ.

ನಷ್ಟದ_ಲೆಕ್ಕ

ಗಲ್ಲೆ ಹಿಂದ ಬ್ಯಾಡ್ರಿ. ಅಂಗಡಿ ಸುಟ್ಟ್ರ ಹಾಳಿನೂ ಸುಡತದ. ಪಾಲಿಸಿ ನಂಬರ್ ಬರದು ಮನ್ಯಾಗ ಇಡಸ್ರಿ.